ಹಾವುಮೀನಿನ ದಾರಿ: ಶರಾವತಿ–ತುಂಗಾ ಸೀಮೆಯ ಕೆರೆಹೊಳೆಗಳಲ್ಲಿ ನಾಡಮೀನು ಮತ್ತು ತಂದುಬಿಟ್ಟ ಮೀನು

ಪೀಠಿಕೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯನ್ನು ಕುರಿತು ಕನ್ನಡದಲ್ಲಿ ವಿಪುಲವಾದ ಬರವಣಿಗೆ ನಡೆದಿದೆ. ಕೆಳದಿ ಅರಸರ ವಂಶಾವಳಿ, ಇಕ್ಕೇರಿಯ ಅಘೋರೇಶ್ವರ ದೇವಾಲಯದ ವಾಸ್ತು, ಬಿದನೂರಿನ ಕೋಟೆ, ಶಿವಪ್ಪನಾಯಕನ ಶಿಸ್ತು, 1951ರ ಕಾಗೋಡು ಸತ್ಯಾಗ್ರಹ, ಲಿಂಗನಮಕ್ಕಿಯ ಮುಳುಗಡೆ ಇವೆಲ್ಲ ವಿದ್ವಾಂಸರ ಗಮನವನ್ನು ಸೆಳೆದಿವೆ. ಆದರೆ ಈ ಸೀಮೆಯ ನೀರಿನೊಳಗೆ ಬದುಕಿದ ಜೀವಿಗಳಿಗೂ ಒಂದು ಚರಿತ್ರೆಯಿದೆ ಎಂಬುದು ಅಷ್ಟಾಗಿ ಪರಿಗಣನೆಗೆ ಬಂದಿಲ್ಲ. ಅರಸರು ಕಟ್ಟಿಸಿದ ಕೆರೆಯ ಶಾಸನವನ್ನು ಓದಿದಷ್ಟು ಆಸಕ್ತಿಯಿಂದ ಆ ಕೆರೆಯ ಮೀನನ್ನು ನೋಡಿದವರು ವಿರಳ.

ಈ ಲೇಖನವು ಅಂಥ ಒಂದು ಜೀವಿಯನ್ನು, ಎಂದರೆ ಹಾವುಮೀನನ್ನು, ನೆಪವಾಗಿಟ್ಟುಕೊಂಡು ಈ ಮೂರು ತಾಲ್ಲೂಕುಗಳ ನೀರಿನ ವ್ಯವಸ್ಥೆಯಲ್ಲಿ ಕಳೆದ ಐದು ಶತಮಾನಗಳಲ್ಲಿ ಆದ ಬದಲಾವಣೆಯನ್ನು ಗುರುತಿಸಲು ಯತ್ನಿಸುತ್ತದೆ. ನಾಡಮೀನುಗಳು ಕಡಿಮೆಯಾದುದಕ್ಕೆ ಹೊರಗಿನಿಂದ ತಂದುಬಿಟ್ಟ ಮೀನುಗಳೇ ಕಾರಣವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಪೂರ್ಣ ಸತ್ಯವಲ್ಲ. ನೀರಿನ ದಾರಿ ಮುಚ್ಚಿದ್ದು ಮತ್ತು ಮುಚ್ಚಿದ ನೀರಿಗೆ ಬೇರೆ ಮೀನನ್ನು ತುಂಬಿದ್ದು ಒಂದೇ ಪ್ರಕ್ರಿಯೆಯ ಎರಡು ಮುಖಗಳು. ಈ ಪ್ರಕ್ರಿಯೆಯ ನಡುವೆ ನಡೆದ ಒಂದು ನಷ್ಟವನ್ನು ನಮ್ಮ ಭಾಷೆಯ ಒಂದು ಪದವೇ ಮರೆಮಾಚಿದೆ.

ಒಂದು ಹೆಸರು, ಎರಡು ಮೀನು

ಮಲೆನಾಡಿನ ಆಡುಮಾತಿನಲ್ಲಿ ಹಾವಿನಂತೆ ನೀಳವಾದ ದೇಹವುಳ್ಳ ಮೀನಿಗೆ 'ಹಾವುಮೀನು' ಎಂದೇ ಹೆಸರು. ಈ ಹೆಸರಿನಡಿ ಮುಖ್ಯವಾಗಿ ಎರಡು ಬೇರೆ ಬೇರೆ ಜೀವಿಗಳು ಸೇರಿಕೊಂಡಿವೆ. ಮೊದಲನೆಯದು ನಿಜವಾದ ಹಾವುಮೀನು. ಇದನ್ನು ವಿಜ್ಞಾನಿಗಳು ಆಂಗ್ವಿಲ್ಲ ಬೆಂಗಾಲೆನ್ಸಿಸ್ ಎಂದು ಕರೆಯುತ್ತಾರೆ, 1831ರಲ್ಲಿ ಜೆ. ಇ. ಗ್ರೇ ಇದನ್ನು ವರ್ಣಿಸಿದನು. ಮೈಮೇಲೆ ಕಂದು ಹಳದಿ ಮಚ್ಚೆ, ಲೋಳೆಯಿಂದ ಜಾರುವ ಚರ್ಮ, ಬೆನ್ನಿನಿಂದ ಬಾಲವನ್ನು ಸುತ್ತಿ ಹೊಟ್ಟೆಯ ಕೆಳಗಿನವರೆಗೆ ಬಿಡುವಿಲ್ಲದೆ ಸಾಗುವ ಒಂದೇ ರೆಕ್ಕೆ ಇದರ ಲಕ್ಷಣಗಳು. ಎರಡನೆಯದು ಮ್ಯಾಸ್ಟಸೆಂಬೆಲಸ್ ಆರ್ಮೇಟಸ್ ಎಂಬ ಮುಳ್ಳು ಹಾವುಮೀನು. ಇದರ ಬೆನ್ನಿನ ಮುಂಭಾಗದಲ್ಲಿ ಬಿಡಿಬಿಡಿಯಾದ ಮುಳ್ಳುಗಳ ಸಾಲಿದ್ದು, ಮೂತಿ ಚೂಪಾಗಿ ಸಣ್ಣ ಸೊಂಡಿಲಿನಂತೆ ಚಾಚಿಕೊಂಡಿರುತ್ತದೆ. ರೂಪದಲ್ಲಿ ಹೋಲಿಕೆಯಿದ್ದರೂ ಇವೆರಡಕ್ಕೂ ಹತ್ತಿರದ ಬಂಧುತ್ವವಿಲ್ಲ.

ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಭೇದ ಇವುಗಳ ಬಾಳಿನ ಕ್ರಮದಲ್ಲಿದೆ. ಮುಳ್ಳು ಹಾವುಮೀನು ಸಿಹಿನೀರಿನಲ್ಲೇ ಹುಟ್ಟಿ, ಸಿಹಿನೀರಿನಲ್ಲೇ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಕೆರೆಯೊಂದು ಸುತ್ತಲಿನ ಹೊಳೆಯಿಂದ ಕಡಿದುಹೋದರೂ ಅದರ ಸಂತತಿ ಮುಂದುವರಿಯಬಲ್ಲುದು. ನಿಜವಾದ ಹಾವುಮೀನಿನ ಬಾಳು ಹಾಗಲ್ಲ. ಅದು ಸಮುದ್ರದ ಆಳದಲ್ಲಿ ಹುಟ್ಟುತ್ತದೆ. ಎಲೆಯಂತೆ ಚಪ್ಪಟೆಯಾಗಿ ಪಾರದರ್ಶಕವಾಗಿರುವ ಮರಿ ಪ್ರವಾಹದೊಡನೆ ತೇಲುತ್ತ ಕರಾವಳಿಗೆ ಬಂದು, ಅಳಿವೆಯ ಬಳಿ ಗಾಜಿನ ಕಡ್ಡಿಯಂಥ ಸಣ್ಣ ಮೀನಾಗಿ ರೂಪಾಂತರ ಹೊಂದಿ, ಹೊಳೆಯನ್ನು ಏರುತ್ತದೆ. ಒದ್ದೆಯಾದ ಬಂಡೆ, ಹುಲ್ಲು, ಪಾಚಿಗಳ ಮೇಲೆ ರಾತ್ರಿಯ ವೇಳೆ ತೆವಳಿ ಸಣ್ಣಪುಟ್ಟ ಅಡೆತಡೆಗಳನ್ನು ದಾಟುವ ಶಕ್ತಿ ಅದಕ್ಕಿದೆ. ಹೀಗೆ ಏರಿಬಂದು ಮಡುಗಳಲ್ಲಿ, ಬಂಡೆಯ ಸಂದುಗಳಲ್ಲಿ ಹಲವು ವರ್ಷ ಬದುಕಿ, ಏಡಿ ಮೀನುಗಳನ್ನು ತಿಂದು ಬಲಿತ ಮೇಲೆ ಮತ್ತೆ ಕಡಲಿಗೆ ಇಳಿಯುತ್ತದೆ. ಆ ಹೊತ್ತಿಗೆ ಅದರ ಮೈಬಣ್ಣ ಬೆಳ್ಳಿಯಂತಾಗಿ, ಕಣ್ಣು ದೊಡ್ಡದಾಗಿ, ಕರುಳು ಕುಗ್ಗುತ್ತದೆ. ಬದುಕಿನಲ್ಲಿ ಒಮ್ಮೆ ಮಾತ್ರ ಸಂತಾನೋತ್ಪತ್ತಿ ನಡೆಸಿ ಸಾಯುವ ಈ ಮೀನಿಗೆ ಏರುವ ದಾರಿಯೂ ಇಳಿಯುವ ದಾರಿಯೂ ತೆರೆದಿರಲೇಬೇಕು.

ಆದುದರಿಂದ 'ನಮ್ಮ ಕೆರೆಯಲ್ಲಿ ಹಾವುಮೀನು ಈಗಲೂ ಇದೆ' ಎಂಬ ಹೇಳಿಕೆಯನ್ನು ಸಂಶೋಧಕನು ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ. ಮುಳ್ಳು ಹಾವುಮೀನು ಉಳಿದಿದ್ದು, ಕಡಲಿನಿಂದ ಬರುತ್ತಿದ್ದ ಹಾವುಮೀನು ಇಲ್ಲವಾಗಿದ್ದರೂ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಹೆಸರು ಉಳಿದಿದೆಯೆಂಬ ಕಾರಣಕ್ಕೆ ಜೀವಿ ಇಲ್ಲವಾದುದು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಎರಡು ಕಡಲುಗಳ ನೀರು

ಈ ಮೂರು ತಾಲ್ಲೂಕುಗಳ ಭೂಗೋಳವು ಹಾವುಮೀನಿನ ಅಧ್ಯಯನಕ್ಕೆ ವಿಶೇಷವಾಗಿ ಒದಗಿಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರ ಮತ್ತು ಸಾಗರ ಸೀಮೆಯನ್ನು ಹಾದು, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೊಸನಗರದ ಕಡೆಯ ವಾರಾಹಿ, ಚಕ್ರಾ ಹೊಳೆಗಳೂ ಪಶ್ಚಿಮದ ಕಡಲಿಗೇ ಇಳಿಯುತ್ತವೆ. ತೀರ್ಥಹಳ್ಳಿಯ ಪಟ್ಟಣವನ್ನು ಬಳಸಿ ಹರಿಯುವ ತುಂಗೆಯಾದರೋ ಭದ್ರೆಯನ್ನು ಕೂಡಿ ತುಂಗಭದ್ರೆಯಾಗಿ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆಯೂ ಪೂರ್ವಕ್ಕೇ ಹರಿದು ತುಂಗಭದ್ರೆಯನ್ನು ಕೂಡುತ್ತದೆ. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಸುರಿದ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ.

ಜೋಗದಂಥ ಪ್ರಪಾತವು ಮೀನಿನ ಸಂಚಾರಕ್ಕೆ ನಿಸರ್ಗವೇ ಹಾಕಿದ ಎಲ್ಲೆ. ಆದ್ದರಿಂದ ಶರಾವತಿಯಲ್ಲಿ ಕಡಲಿನ ಹಾವುಮೀನಿನ ಮುಖ್ಯ ನೆಲೆ ಜೋಗದ ಕೆಳಗಿನ ಕಣಿವೆಯಾಗಿತ್ತೆಂದೂ, ಮೇಲಿನ ಶರಾವತಿಯ ಕೆರೆಹೊಳೆಗಳಲ್ಲಿ ಆ ಹೆಸರಿನಿಂದ ಪರಿಚಿತವಾದುದು ಹೆಚ್ಚಾಗಿ ಮುಳ್ಳು ಹಾವುಮೀನೆಂದೂ ಊಹಿಸುವುದು ಯುಕ್ತ. ಪ್ರಪಾತದ ಮೇಲಿನ ನೀರಿಗೆ ಬೇರೆಯೇ ಸಂಪತ್ತಿದೆ. 2004ರಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಸಣ್ಣ ಮೀಸೆಮೀನೂ, 2006ರಲ್ಲಿ ಶಿಸ್ಟುರ ಶರಾವತಿಯೆನ್ಸಿಸ್ ಮತ್ತು ಶಿಸ್ಟುರ ನಾಗೋಡಿಯೆನ್ಸಿಸ್ ಎಂಬ ಕಲ್ಲುಮೀನುಗಳೂ ಈ ನದಿಯಿಂದ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದವು. ನದಿಯ ಹೆಸರನ್ನೂ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹೆಸರನ್ನೂ ಹೊತ್ತ ಈ ಮೀನುಗಳು, ಈ ಜಲಾನಯನದ ಜೀವಸಂಪತ್ತು ಎಷ್ಟು ಸ್ಥಳೀಯವಾದುದು ಎಂಬುದಕ್ಕೆ ಸಾಕ್ಷಿ. ಪೂರ್ವಕ್ಕೆ ಹರಿಯುವ ತುಂಗೆಗೆ ಜೋಗದಂಥ ಪ್ರಪಾತದ ತಡೆಯಿಲ್ಲ. ಕೃಷ್ಣಾ ನದೀವ್ಯವಸ್ಥೆಯಿಂದ ಹಾವುಮೀನು ದಾಖಲಾಗಿರುವುದನ್ನು ಗಮನಿಸಿದರೆ, ಉಪಖಂಡದ ಅಗಲವನ್ನೇ ದಾಟಿ ಮೇಲೇರುವ ಜಲಮಾರ್ಗವೊಂದು ಇತ್ತೆಂಬುದು ಸ್ಪಷ್ಟವಾಗುತ್ತದೆ.

ಕೆರೆ, ಕೋಡಿ ಮತ್ತು ಕಟ್ಟ

ಕೆಳದಿ ಅರಸರ ಕಾಲದ ಜಲನಿರ್ಮಾಣಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಾಗರ ಪಟ್ಟಣದ ಗಣಪತಿ ಕೆರೆಗೆ 'ಸದಾಶಿವ ಸಾಗರ' ಎಂಬ ಹೆಸರಿತ್ತೆಂದೂ, ಅದನ್ನು ಹದಿನಾರನೆಯ ಶತಮಾನದ ಸದಾಶಿವನಾಯಕನು ಕಟ್ಟಿಸಿದನೆಂದೂ, ಊರಿನ ಹೆಸರು ಆ ಕೆರೆಯಿಂದಲೇ ಬಂದಿತೆಂದೂ ಪ್ರತೀತಿಯಿದೆ. ಆನಂದಪುರದ ಸಮೀಪದ ಚಂಪಕ ಸರಸು, ನಗರದ ಬಳಿಯ ದೇವಗಂಗೆಯ ಕೊಳಗಳು ಅದೇ ಪರಂಪರೆಗೆ ಸೇರಿದವು. ಅರಮನೆಯ ವಿಹಾರಕ್ಕೂ ದೇವತಾಕಾರ್ಯಕ್ಕೂ ಬಳಕೆಯಾಗುತ್ತಿದ್ದ ದೇವಗಂಗೆಯಲ್ಲಿ ಬೆಟ್ಟದ ಒರತೆಯ ನೀರು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುತ್ತದೆ. ಉದ್ಯಾನದ ಕೊಳವಾದರೂ ಅದು ನಿಂತ ನೀರಲ್ಲ.

ಈ ಅಂಶ ಮಲೆನಾಡಿನ ಕೆರೆಗಳಿಗೆಲ್ಲ ಅನ್ವಯಿಸುತ್ತದೆ. ಬಯಲುಸೀಮೆಯ ಕೆರೆ ವರ್ಷಗಟ್ಟಲೆ ತುಂಬದೆಯೂ ಇರಬಹುದು. ಆದರೆ ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವ ಈ ಸೀಮೆಯಲ್ಲಿ ಕೆರೆ ಮಳೆಗಾಲದಲ್ಲಿ ಕೋಡಿ ಬೀಳುವುದು ನಿಯಮ. ಕೋಡಿಯ ನೀರು ಗದ್ದೆಗೆ, ಗದ್ದೆಯ ನೀರು ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ ಸೇರಿದಾಗ ಮೂರು ತಿಂಗಳ ಕಾಲ ಇಡೀ ಸೀಮೆ ಒಂದೇ ಜಲಜಾಲವಾಗುತ್ತಿತ್ತು. ಅಡಿಕೆ ತೋಟಕ್ಕೆ ನೀರುಣಿಸಲು ಹಳ್ಳಕ್ಕೆ ಅಡ್ಡಲಾಗಿ ಹಾಕುತ್ತಿದ್ದ ಕಟ್ಟವಾದರೂ ಮಣ್ಣು, ಕಲ್ಲು, ಸೊಪ್ಪುಗಳಿಂದಾದುದು. ಮಳೆ ಮುಗಿದ ಮೇಲೆ ಕಟ್ಟಿದ್ದನ್ನು ಮುಂದಿನ ಮಳೆ ಕೊಚ್ಚಿಕೊಂಡು ಹೋಗುತ್ತಿತ್ತು. ಅದು ನೀರನ್ನು ತಡೆಯುತ್ತಿದ್ದುದು ಬೇಸಗೆಯಲ್ಲಿ ಮಾತ್ರ. ಮೀನು ಸಂಚರಿಸುವ ಕಾಲದಲ್ಲಿ ದಾರಿ ತೆರೆದಿರುತ್ತಿತ್ತು.

ಇದಕ್ಕೆ ಜನಜೀವನದ ಆಚರಣೆಗಳೇ ಪುರಾವೆ. ಮುಂಗಾರಿನ ಮೊದಲ ನೆರೆಯಲ್ಲಿ ಹೊಳೆಯಿಂದ ಗದ್ದೆಗೆ ಏರುವ ಮೀನಿಗೆ 'ಹತ್ತುಮೀನು' ಎಂದು ಹೆಸರಿದ್ದು, ಅದನ್ನು ಹಿಡಿಯಲು ಬಿದಿರಿನ ಕೂಳಿಯನ್ನು ಒಡ್ಡುವ ರೂಢಿ ಇತ್ತು. ಸಾಗರ, ಸೊರಬ ಸೀಮೆಯ 'ಕೆರೆಬೇಟೆ' ಇನ್ನೊಂದು ನಿದರ್ಶನ. ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಗೊತ್ತುಪಡಿಸಿದ ದಿನದಂದು ಊರೂರಿನ ಜನ ಬಿದಿರಿನ ಕೂಣಿ ಹಿಡಿದು ಒಟ್ಟಾಗಿ ಕೆರೆಗೆ ಇಳಿಯುತ್ತಾರೆ. ಹಲವೆಡೆ ಕೂಣಿಯೊಂದಕ್ಕೆ ಇಂತಿಷ್ಟೆಂದು ಪಡೆದ ಹಣ ಊರಿನ ದೇವಸ್ಥಾನಕ್ಕೆ ಸಲ್ಲುತ್ತದೆ. ಕೂಣಿಯನ್ನು ಕೆಸರಿಗೆ ಒತ್ತಿ ಮೇಲಿನ ಬಾಯಿಯಿಂದ ಕೈಹಾಕಿ ಹಿಡಿಯುವ ಈ ಬೇಟೆ, ಕೊರವ, ಮುರುಗೋಡು, ಚೇಳುಮೀನುಗಳಂಥ ಕೆಸರಿನ ನಾಡಮೀನುಗಳಿಗೆ ಹೇಳಿಮಾಡಿಸಿದಂತಿದೆ. ಒಂದೇ ದಿನದಲ್ಲಿ ಕೆರೆ ಬರಿದಾದಂತೆ ಕಂಡರೂ ಮುಂದಿನ ಮಳೆಗೆ ಹತ್ತುಮೀನು ಬಂದು ಕೆರೆ ಮತ್ತೆ ತುಂಬುತ್ತಿತ್ತು. ಕೆರೆಬೇಟೆ ವರ್ಷವರ್ಷವೂ ನಡೆಯಲು ಕಾರಣ ಮರಿಗಳ ಬಿತ್ತನೆಯಲ್ಲ; ಕೋಡಿ ಮತ್ತು ಹೊಳೆಯ ಸಂಬಂಧ.

ಬುಕಾನನ್ ಕಂಡ ಸೀಮೆ, ಬುಕಾನನ್ ಹೆಸರಿಟ್ಟ ಮೀನು

ಟಿಪ್ಪುವಿನ ಪತನಾನಂತರ ಮೈಸೂರು, ಕನ್ನಡ ಮತ್ತು ಮಲಬಾರು ಸೀಮೆಗಳ ಸ್ಥಿತಿಗತಿಯನ್ನು ಪರಿಶೀಲಿಸಲು ಕಂಪೆನಿ ಸರ್ಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನಿಯೋಜಿಸಿತು. 1801ರಲ್ಲಿ ಆತ ಇಕ್ಕೇರಿ, ಸಾಗರ ಸೀಮೆಯನ್ನು ಹಾದು ಹೈದರ್‌ನಗರವೆಂದು ಹೆಸರಾಗಿದ್ದ ಬಿದನೂರಿಗೆ ಬಂದನು. 1807ರಲ್ಲಿ ಪ್ರಕಟವಾದ ಆತನ ಪ್ರವಾಸಕಥನವು ಈ ಭಾಗದ ಅಡಿಕೆ ತೋಟ, ಗದ್ದೆ, ಕಂದಾಯಗಳ ಚರಿತ್ರೆಗೆ ಪ್ರಮುಖ ಆಕರವೆಂದು ಪರಿಗಣಿತವಾಗಿದೆ.

ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ರೋಹು, ಕಾಟ್ಲಾ, ಮೃಗಾಲ್ ಎಂಬ ಮೂರು ಗೆಂಡೆಗಳು ಆ ಗ್ರಂಥದಲ್ಲಿ ವರ್ಣಿತವಾಗಿ ಆತನ ಹೆಸರಿನೊಡನೆ ವಿಜ್ಞಾನದಲ್ಲಿ ಸ್ಥಾನ ಪಡೆದವು. ಆತ ಇಕ್ಕೇರಿಯ ಹಾದಿಯಲ್ಲಿ ನಡೆದಾಗ ಶರಾವತಿಯ ನೀರಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಸುಮಾರು ಒಂದೂವರೆ ಶತಮಾನದ ತರುವಾಯ ಅವೇ ಮೂರು ಈ ಸೀಮೆಯ ಕೆರೆಗಳ ಮುಖ್ಯ ಮೀನುಗಳಾದವು. ಕಾಟ್ಲಾ ದಕ್ಷಿಣದಲ್ಲಿ ಕೃಷ್ಣಾನದಿಯವರೆಗೆ ಇತ್ತೆಂದು ಫ್ರಾನ್ಸಿಸ್ ಡೇ ತನ್ನ 1875–78ರ ಗ್ರಂಥದಲ್ಲಿ ಹೇಳಿರುವುದು ನಿಜ. ಆದರೆ ಪಶ್ಚಿಮಾಭಿಮುಖವಾದ ಶರಾವತಿಗೆ ಅದೂ ಪರಕೀಯವೇ.

ಗೋಡೆಗಳ ಕಾಲ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಸೀಮೆಯ ನೀರಿನ ಸ್ವರೂಪವೇ ಬದಲಾಯಿತು. ಹಿರೇಭಾಸ್ಕರ ಅಣೆಕಟ್ಟನ್ನು ಆಧರಿಸಿದ ಜೋಗದ ಜಲವಿದ್ಯುದಾಗಾರ 1948ರಲ್ಲಿ ಕಾರ್ಯಾರಂಭ ಮಾಡಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯು ಸುಮಾರು 152 ಟಿ.ಎಂ.ಸಿ. ಅಡಿ ನೀರನ್ನು ಹಿಡಿದಿಡುವ ಜಲಾಶಯವಾಗಿ, ಹಿರೇಭಾಸ್ಕರವನ್ನೂ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನೂ ಮುಳುಗಿಸಿತು. ಹೊಸನಗರ ತಾಲ್ಲೂಕಿನಲ್ಲಿ ವಾರಾಹಿಗೆ ಮಾಣಿ ಅಣೆಕಟ್ಟು, ಚಕ್ರಾ ಹಾಗೂ ಸಾವೆಹಕ್ಲು ಅಣೆಕಟ್ಟುಗಳು ಬಂದವು. ಶರಾವತಿಯ ಕೆಳಹರಿವಿನಲ್ಲಿ ಗೇರುಸೊಪ್ಪೆಯ ಅಣೆಕಟ್ಟು ಎದ್ದ ಮೇಲೆ, ಜೋಗದ ಕೆಳಗಿನ ಕಣಿವೆಗೂ ಅಳಿವೆಗೂ ನಡುವೆ ಉಳಿದಿದ್ದ ದಾರಿಗೂ ಗೋಡೆ ಬಿದ್ದಿತು.

ಪೂರ್ವದ ದಾರಿಯ ಕಥೆಯೂ ಭಿನ್ನವಲ್ಲ. ತೀರ್ಥಹಳ್ಳಿಯಿಂದ ಕೆಳಗೆ ಗಾಜನೂರು, ಹೊಸಪೇಟೆಯ ಬಳಿ 1953ರ ತುಂಗಭದ್ರಾ ಅಣೆಕಟ್ಟು, ಅದರಾಚೆ ಶ್ರೀಶೈಲ ಮತ್ತು ನಾಗಾರ್ಜುನಸಾಗರ, ಕೊನೆಗೆ ವಿಜಯವಾಡದಲ್ಲಿ 1957ರ ಪ್ರಕಾಶಂ ಬ್ಯಾರೇಜು. ಬಂಗಾಳಕೊಲ್ಲಿಯಿಂದ ತುಂಗೆಯ ಮೇಲ್ಭಾಗಕ್ಕೆ ಬರಬೇಕಾದ ಮರಿ ಈ ಗೋಡೆಗಳನ್ನೆಲ್ಲ ಏರಬೇಕು. ಬಲಿತು ಹಿಂದಿರುಗುವ ಮೀನು ವಿದ್ಯುದಾಗಾರಗಳ ಚಕ್ರಗಳನ್ನು ತಪ್ಪಿಸಿಕೊಂಡು ಇಳಿಯಬೇಕು. ಈ ಅಣೆಕಟ್ಟುಗಳು ನಾಡಿಗೆ ಬೆಳಕನ್ನೂ ಅನ್ನವನ್ನೂ ಕೊಟ್ಟವು ಎಂಬುದರಲ್ಲಿ ವಿವಾದವಿಲ್ಲ. ಮುಳುಗಡೆಯಿಂದ ನೆಲೆ ಕಳೆದುಕೊಂಡ ಜನರ ಲೆಕ್ಕವಾದರೂ ತಡವಾಗಿ ಕೇಳಿಬಂದಿತು. ದಾರಿ ಕಳೆದುಕೊಂಡ ಮೀನಿನ ಲೆಕ್ಕವನ್ನು ಕೇಳಿದವರಿಲ್ಲ.

ಹಾವುಮೀನಿನ ವಿಷಯದಲ್ಲಿ ಈ ನಷ್ಟ ನಿಧಾನವಾಗಿ ಗೋಚರಿಸುವಂಥದು. ಅದು ದೀರ್ಘಾಯುಷಿ. ಅಣೆಕಟ್ಟಿನ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ದೊಡ್ಡ ಮೀನುಗಳು ಹಲವು ವರ್ಷಗಳ ಕಾಲ ಬಲೆಗೆ ಬೀಳುತ್ತಲೇ ಇರುತ್ತವೆ. ಹೊಸ ಮರಿಗಳ ಬರವು ನಿಂತುಹೋದುದು ಅರಿವಿಗೆ ಬರುವುದು ಆ ತಲೆಮಾರು ಮುಗಿದ ಮೇಲೆಯೇ.

ತಂದುಬಿಟ್ಟ ಮೀನುಗಳು

ಹೊರಗಿನ ಮೀನುಗಳು ಈ ನಾಡಿಗೆ ಒಂದೇ ಉದ್ದೇಶದಿಂದ ಬಂದವಲ್ಲ. ಗ್ಯಾಂಬೂಸಿಯ ಎಂಬ ಸಣ್ಣ ಮೀನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದುದು ಸೊಳ್ಳೆಯ ಮರಿಗಳನ್ನು ತಿಂದು ಮಲೇರಿಯಾವನ್ನು ತಡೆಯಲೆಂದು. ಮಲೇರಿಯಾದಿಂದ ನಲುಗಿದ್ದ ಮಲೆನಾಡಿನ ದೃಷ್ಟಿಯಲ್ಲಿ ಅಂಥ ಪ್ರಯೋಗದ ಹಿಂದಿನ ಕಳಕಳಿಯನ್ನು ಲಘುವಾಗಿ ಕಾಣಲಾಗದು. ಸಾಮಾನ್ಯ ಗೆಂಡೆ 1939ರಲ್ಲಿ ನೀಲಗಿರಿಗೆ ಬಂದಿತು. ಅದರ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಬಂದಿತು. ಜನ 'ಜಿಲೇಬಿ ಮೀನು' ಎಂದು ಕರೆಯುವ ತಿಲಾಪಿಯ 1952ರಲ್ಲಿಯೂ, ಬೆಳ್ಳಿಗೆಂಡೆ ಮತ್ತು ಹುಲ್ಲುಗೆಂಡೆ 1959ರಲ್ಲಿಯೂ ದೇಶವನ್ನು ಪ್ರವೇಶಿಸಿದವು. ಇವೆಲ್ಲ ಆಹಾರದ ಅಭಾವದ ದಿನಗಳಲ್ಲಿ ಅಗ್ಗದ ಪೌಷ್ಟಿಕ ಆಹಾರವನ್ನು ಒದಗಿಸಬೇಕೆಂಬ ಆಶಯದ ಫಲ.

ದೇಶದ ಒಳಗಿನ ಮೀನುಗಳ ಸಾಗಣೆಗೆ ನಿರ್ಣಾಯಕವಾದ ವರ್ಷ 1957. ಆ ವರ್ಷ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗಂಗೆಯ ಗೆಂಡೆಗಳನ್ನು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡುವುದರಲ್ಲಿ ಯಶಸ್ವಿಯಾದರು. ಅದುವರೆಗೆ ಹರಿಯುವ ನದಿಯಿಂದ ಸಂಗ್ರಹಿಸಬೇಕಾಗಿದ್ದ ಮರಿಗಳು ಅಂದಿನಿಂದ ಸಾಕಣೆ ಕೇಂದ್ರದಲ್ಲಿ ಬೇಕಾದಷ್ಟು ಸಂಖ್ಯೆಯಲ್ಲಿ ದೊರೆಯತೊಡಗಿದವು. ದಾರಿ ಮುಚ್ಚಿದ ಜಲಾಶಯಗಳೂ ಹರಾಜಿಗೆ ಬಂದ ಕೆರೆಗಳೂ ಈ ಮರಿಗಳಿಗೆ ನೆಲೆಯಾದವು. ನದಿಯ ಸಂಬಂಧ ಕಡಿದುಕೊಂಡೂ ವರ್ಷವರ್ಷವೂ ತುಂಬಬಲ್ಲ ಕೆರೆ ಇಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು. ಹತ್ತುಮೀನು ಮಾಡುತ್ತಿದ್ದ ಕೆಲಸವನ್ನು ಮರಿಗಳನ್ನು ತುಂಬಿದ ಪ್ಲಾಸ್ಟಿಕ್ ಚೀಲ ಮಾಡತೊಡಗಿತು.

ಈ ಪದ್ಧತಿಯೊಡನೆ ಹೊಸದೊಂದು ಪರಿಭಾಷೆಯೂ ಬಂದಿತು. ಮಿಶ್ರ ಮೀನು ಸಾಕಣೆಯ ಕೈಪಿಡಿಗಳು ಕೆರೆಯಲ್ಲಿ ಮೊದಲೇ ಇದ್ದ ಮೀನುಗಳನ್ನು ಎರಡು ವರ್ಗಗಳಲ್ಲಿಟ್ಟವು. ಕೊರವ, ಹಾವುಮೀನು ಮೊದಲಾದವು 'ಪರಭಕ್ಷಕ ಮೀನು'. ಗಾತ್ರದಲ್ಲಿ ಚಿಕ್ಕವಾದ ಉಳಿದೆಲ್ಲವೂ 'ಕಳೆ ಮೀನು'. ಗೆಂಡೆಯ ಮರಿಗಳನ್ನು ಬಿಡುವ ಮುನ್ನ ಹೆಕ್ಟೇರಿಗೆ ಸುಮಾರು 2,500 ಕಿಲೋಗ್ರಾಂ ಇಪ್ಪೆ ಹಿಂಡಿಯನ್ನು ನೀರಿಗೆ ಬೆರೆಸಿ ಇವನ್ನೆಲ್ಲ ಕೊಲ್ಲಬೇಕೆಂಬುದು ವಿಧಾನದ ಮೊದಲ ಹೆಜ್ಜೆ. ಗದ್ದೆಯ ಒಡೆಯನಿಗೆ ಕಳೆ ಎಂದರೆ ಬಿತ್ತದೆ ಬೆಳೆದುದು. ಕೆರೆಯ ವಿಷಯದಲ್ಲಿ ಬಿತ್ತಿದುದು ಹೊರಗಿನಿಂದ ಬಂದುದು. ಕಳೆಯೆನಿಸಿಕೊಂಡುದು ಐದು ಶತಮಾನಗಳಿಂದ ಅಲ್ಲಿಯೇ ಇದ್ದುದು. ಪದಗಳ ಈ ಪಲ್ಲಟವನ್ನು ಕೇವಲ ತಾಂತ್ರಿಕವೆಂದು ಬದಿಗಿಡಲಾಗದು. ಊರವರೆಲ್ಲರ ಕೆರೆಬೇಟೆಯ ಹಕ್ಕು ಗುತ್ತಿಗೆದಾರನೊಬ್ಬನ ಬೆಳೆಯಾಗಿ ಪರಿವರ್ತಿತವಾದುದನ್ನೂ ಅದು ಸೂಚಿಸುತ್ತದೆ.

ಆಫ್ರಿಕದ ಮುರುಗೋಡಿನ ಪ್ರಕರಣ ಇವೆಲ್ಲಕ್ಕಿಂತ ಭಿನ್ನವಾದುದು. ಅದು ಸರ್ಕಾರದ ಯೋಜನೆಯಿಂದ ಬಂದುದಲ್ಲ, ಕಳ್ಳದಾರಿಯಿಂದ ಬಂದುದು. ಕೊಳಚೆಯಲ್ಲೂ ಬದುಕಿ, ಸಿಕ್ಕಿದ್ದನ್ನೆಲ್ಲ ತಿಂದು ಬೇಗ ಬೆಳೆಯುವ ಈ ಮೀನಿನ ಸಾಕಣೆಯನ್ನು ಭಾರತ ಸರ್ಕಾರ 2000ದಲ್ಲಿ ನಿಷೇಧಿಸಿತು. ನಮ್ಮ ನಾಡಿನ ಮುರುಗೋಡಿಗೂ ಇದಕ್ಕೂ ನೋಟದಲ್ಲಿ ಹೋಲಿಕೆಯಿರುವುದರಿಂದ ಮಾರುಕಟ್ಟೆಯಲ್ಲಿ ಎರಡಕ್ಕೂ ಒಂದೇ ಹೆಸರು ಸಲ್ಲುವ ಸಂಭವವಿದೆ. ಹಾವುಮೀನಿನ ವಿಷಯದಲ್ಲಿ ಕಂಡ ಹೆಸರಿನ ಗೊಂದಲವೇ ಇಲ್ಲಿಯೂ ಎದುರಾಗುತ್ತದೆ.

ಹಳೆಯ ರಕ್ಷಣೆ, ಹೊಸ ಕಾನೂನು

ಮೀನಿನ ರಕ್ಷಣೆಯ ಕಲ್ಪನೆ ಈ ನಾಡಿಗೆ ಹೊಸದಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮಡುವೊಂದು ಗಣಪತಿಯ ಸನ್ನಿಧಿಯ ಮತ್ಸ್ಯಧಾಮವಾಗಿದ್ದು, ಅಲ್ಲಿ ಮೀನು ಹಿಡಿಯುವುದು ನಿಷಿದ್ಧ. ಇದೇ ತುಂಗೆಯ ಶೃಂಗೇರಿಯಲ್ಲಿಯೂ ಅಂಥ ವ್ಯವಸ್ಥೆಯಿದೆ. ಭಕ್ತರು ಹಾಕುವ ಅಕ್ಕಿ, ಮಂಡಕ್ಕಿಗೆ ಗುಂಪುಗೂಡುವ ದೊಡ್ಡ ಮೀನುಗಳು ಇವತ್ತಿಗೂ ಅಲ್ಲಿ ಕಾಣುತ್ತವೆ. ರಾಜ್ಯದ ನೆಲೆಯಲ್ಲಿ ನೋಡಿದರೆ ಸ್ಫೋಟಕ ಮತ್ತು ವಿಷದಿಂದ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆ ತಡೆಯಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ನನ್ನು ಹೊರಡಿಸಿತು.

ಇವೆಲ್ಲವೂ ಮೀನನ್ನು ಕೊಲ್ಲುವುದನ್ನು ತಡೆಯುತ್ತವೆಯೇ ಹೊರತು ಮೀನಿನ ದಾರಿಯನ್ನು ಕಾಯುವುದಿಲ್ಲ. ದೇವರ ಮಡುವಿನಲ್ಲಿ ಮೊಟ್ಟೆಯಿಟ್ಟು ಅಲ್ಲೇ ಬೆಳೆಯುವ ಮೀನಿಗೆ ಮತ್ಸ್ಯಧಾಮ ಸಾಕಾಗಬಹುದು. ನೂರಾರು ಮೈಲಿ ದೂರದ ಕಡಲಿಗೆ ಹೋಗಿಬರಬೇಕಾದ ಹಾವುಮೀನಿಗೆ ಅದು ಸಾಲದು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಕ್ರಮಣಕಾರಿ ಪರಕೀಯ ಜೀವಿಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಅದರ ವ್ಯಾಖ್ಯೆಯ ಪ್ರಕಾರ ಪರಕೀಯವೆಂದರೆ ಭಾರತಕ್ಕೆ ಸೇರದ ಜೀವಿ. ತಿಲಾಪಿಯ ಆ ವ್ಯಾಖ್ಯೆಯೊಳಗೆ ಬರಬಹುದು. ಶರಾವತಿಗೆ ತಂದುಬಿಟ್ಟ ರೋಹು ಬರಲಾರದು. ಕಾನೂನು ದೇಶದ ಗಡಿಯನ್ನು ನೋಡುತ್ತದೆ. ಮೀನಿಗೆ ಗಡಿಯಾದುದು ಜಲಾನಯನದ ದಿಬ್ಬ. ವರದೆಗೂ ಶರಾವತಿಗೂ ನಡುವಿನ ಒಂದು ಸಣ್ಣ ಏರು ಮೀನಿನ ಲೋಕದಲ್ಲಿ ಎರಡು ನಾಡುಗಳನ್ನು ಬೇರ್ಪಡಿಸುತ್ತದೆ.

ಬೇರೆ ನಾಡುಗಳ ಅನುಭವ ಇಲ್ಲಿ ಉಪಯುಕ್ತ. ಆಸ್ಟ್ರೇಲಿಯಾದ ಸಿಡ್ನಿ ನಗರದ ಸೆಂಟೆನಿಯಲ್ ಉದ್ಯಾನದ ಕೊಳಗಳಲ್ಲಿ ಇಂದಿಗೂ ಹಾವುಮೀನುಗಳಿವೆ. ಮಳೆನೀರಿನ ಕೊಳವೆ, ಕಾಲುವೆ, ಒದ್ದೆ ಹುಲ್ಲುಗಳ ಮೂಲಕ ಅವು ಬಾಟನಿ ಕೊಲ್ಲಿಗೆ ಇಳಿದು ದೂರದ ಶಾಂತಸಾಗರಕ್ಕೆ ಹೋಗುತ್ತವೆ. ಅಲ್ಲಿಯೂ ಹೊರಗಿನಿಂದ ಬಂದ ಗೆಂಡೆಗಳಿವೆ. ಆದರೂ ಹಾವುಮೀನು ಉಳಿದಿದೆ. ಏಕೆಂದರೆ ಎಷ್ಟೇ ಇಕ್ಕಟ್ಟಾದರೂ ದಾರಿ ಉಳಿದಿದೆ. ಯುರೋಪಿನ ಒಕ್ಕೂಟವು 2007ರಲ್ಲಿ ಹೊರಡಿಸಿದ ನಿಯಮದಲ್ಲಿ, ಮನುಷ್ಯನ ಹಸ್ತಕ್ಷೇಪವಿಲ್ಲದಿದ್ದರೆ ಕಡಲಿಗೆ ಇಳಿಯುತ್ತಿದ್ದ ಬಲಿತ ಹಾವುಮೀನುಗಳ ಪ್ರಮಾಣದಲ್ಲಿ ಕನಿಷ್ಠ ಶೇ. 40ರಷ್ಟಾದರೂ ಇಳಿಯುವಂತಿರಬೇಕೆಂಬ ಗುರಿಯನ್ನು ಸದಸ್ಯ ರಾಷ್ಟ್ರಗಳಿಗೆ ವಿಧಿಸಿತು. ಹಿಡಿದ ಮೀನಿನ ತೂಕಕ್ಕಿಂತ ಬಿಟ್ಟುಕೊಟ್ಟ ಮೀನಿನ ಪ್ರಮಾಣವನ್ನು ಅಳತೆಗೋಲಾಗಿ ಮಾಡಿಕೊಂಡ ಈ ಕ್ರಮ ಗಮನಾರ್ಹವಾದುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕೆಳದಿ ಅರಸರ ಕಾಲದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಈ ಸೀಮೆಯ ಕೆರೆ ಕಟ್ಟಗಳು ನೀರನ್ನು ಹಿಡಿಯುತ್ತಿದ್ದರೂ ಮಳೆಗಾಲದಲ್ಲಿ ಹೊಳೆಯ ಸಂಬಂಧವನ್ನು ಕಡಿಯುತ್ತಿರಲಿಲ್ಲ. ಶಾಶ್ವತವಾದ ಗೋಡೆಗಳು ಆ ಸಂಬಂಧವನ್ನು ಕಡಿದವು. ಕಡಿದುಹೋದ ನೀರನ್ನು ಉತ್ಪಾದಕವಾಗಿಸುವ ಉಪಾಯವಾಗಿ ಹೊರಗಿನ ಮೀನುಗಳು ಬಂದವು. ಈ ಅರ್ಥದಲ್ಲಿ ಗೆಂಡೆ ಹಾವುಮೀನಿನ ಶತ್ರುವಾಗಿ ಬಂದುದಲ್ಲ. ಅದು ಬಿಟ್ಟುಹೋದ ಜಾಗಕ್ಕೆ ಬಂದುದು. ಆದರೆ ಬಂದ ಮೇಲೆ, ಜಾಗ ಖಾಲಿಯಾದುದೇ ತಿಳಿಯದಂತೆ ಅದನ್ನು ತುಂಬಿತು.

ಪಟ್ಟಣಗಳ ಐತಿಹಾಸಿಕ ಕೆರೆಗಳನ್ನು ಹೂಳೆತ್ತಿ, ಏರಿಗೆ ಕಲ್ಲುಕಟ್ಟಿ, ನಡೆದಾಡುವ ಹಾದಿ ನಿರ್ಮಿಸಿ ಉದ್ಯಾನಗಳಾಗಿ ರೂಪಿಸುವ ಕಾರ್ಯಕ್ಕೆ ನಾಡಿನಾದ್ಯಂತ ಉತ್ಸಾಹ ಕಂಡುಬರುತ್ತಿರುವ ಈ ದಿನಗಳಲ್ಲಿ, ಗಣಪತಿ ಕೆರೆಯಂಥ ಜಲಾಶಯಗಳನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆ ಕೋಡಿಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಕೋಡಿಯ ಕಾಲುವೆ ಮುಚ್ಚಿಹೋದ ಕೆರೆ ಎಷ್ಟೇ ಸುಂದರವಾಗಿದ್ದರೂ ದೊಡ್ಡದೊಂದು ತೊಟ್ಟಿಯೇ ಸರಿ. ಎರಡನೆಯದಾಗಿ, ಊರ ಮೀನುಗಳ ಪಟ್ಟಿ ಮಾಡುವ ಜೀವವೈವಿಧ್ಯ ದಾಖಲಾತಿಗಳು 'ಹಾವುಮೀನು' ಎಂಬ ಒಂದೇ ಪದಕ್ಕೆ ತೃಪ್ತಿಪಡದೆ ಅದು ಮುಳ್ಳಿನದೋ ಕಡಲಿನದೋ ಎಂಬುದನ್ನು ಬರೆದಿಡಬೇಕು. ಈ ಭೇದವನ್ನು ಕಣ್ಣಾರೆ ಕಂಡು ಕೈಯಾರೆ ಹಿಡಿದು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಆ ಕಾರ್ಯ ನಡೆಯಬೇಕಾಗಿದೆ. ಅವರ ತಿಳಿವಳಿಕೆಯೂ ಆ ಮೀನಿನಂತೆಯೇ ದೀರ್ಘಾಯುಷಿ; ಆದರೆ ಮರಿಗಳು ಬಾರದಿದ್ದರೆ ಅದೂ ಆ ತಲೆಮಾರಿನೊಡನೆಯೇ ಮುಗಿಯುತ್ತದೆ.